ಹದಿನಾಲ್ಕನೆಯ ನಂಬರು

ಬೀನ್ಸ್ ಸಸಿ ಎರಡೆಲೆ ಬಿಟ್ಟ ರಾತ್ರಿಯೇ
ಯಾರೋ ಬಂದು ಉಂಡು ಹೋಗಿದ್ದರು.
ಬೆಳಗ್ಗೆ ಉಳಿದದ್ದು ಏಳು ಹಸಿರು ಕಡ್ಡಿ,
ಕಲ್ಲಿನ ಮೇಲೆ ಒಣಗಿದ ಬೆಳ್ಳಿ ಗೆರೆ,
ರುಜು ಹಾಕಿ ಹೋದ ಹಾಗೆ.

‘ಉಪ್ಪು ಹಾಕು’ ಅಂದರು ಧರಣೇಂದ್ರ, ಪೇಪರಿನಿಂದ ತಲೆ ಎತ್ತದೆ.
ಹಾಕುವವರು ತಾವಲ್ಲವಲ್ಲ!
ನೀರನ್ನೂ ಸೋಸಿ ಕುಡಿಯುವ ಮನೆಯಲ್ಲಿ ಬೆಳೆದು
ಹ್ಯಾಲಿಫ್ಯಾಕ್ಸಿನ ನಲ್ಲಿಗೂ ಬಟ್ಟೆ ಕಟ್ಟಿದವಳು ನಾನು.

‘ಮೊಟ್ಟೆಯ ಚಿಪ್ಪು ಪುಡಿಮಾಡಿ ಸುರಿ’ ಅಂದಳು ಲೈಬ್ರರಿಯ ಮೊರೀನ್.
ಮೊಟ್ಟೆ ತರುವುದಿಲ್ಲ ಅಂದೆ.
‘ಹಾಗಾದರೆ ಬಿಯರ್.’

ಹೀಗೆ ಐವತ್ತಮೂರನೆಯ ವಯಸ್ಸಿನಲ್ಲಿ
ಮೊದಲ ಸಲ ಹೆಂಡ ಕೊಂಡೆ, ಇದ್ದುದರಲ್ಲಿ ಅಗ್ಗದ್ದು.
ಮೊಸರಿನ ಡಬ್ಬಿಗೆ ಸುರಿದು ಕತ್ತಿನವರೆಗೆ ಹೂತೆ.
ಮಾರನೆಯ ದಿನ ಹನ್ನೊಂದು ಹೆಣ, ಉಬ್ಬಿ, ಬಿಳಿಚಿ.
ಕುಡಿಸಿದ್ದೊಂದು ಪಾಪ, ಕೊಂದದ್ದೊಂದು.
ಉಳಿದ ಮೂರು ಕ್ಯಾನು ಮೊರೀನಳಿಗೆ ಕೊಟ್ಟೆ.

ಕುಂಡಕ್ಕೆ ತಾಮ್ರದ ಪಟ್ಟಿ ಸುತ್ತಿದೆ;
ಪಕ್ಕದ ಪುದೀನದ ಒಂದು ಎಲೆ ಬಾಗಿ ಸೇತುವೆಯಾಯಿತು.

ಕೊನೆಗೆ ಟಾರ್ಚು, ಬಕೆಟ್ಟು, ನೈಟಿಯ ಮೇಲೆ ರೈನ್‌ಕೋಟು.
ಹೊತ್ತು ಮುಳುಗಿದ ಮೇಲೆ ತುತ್ತು ಮುಟ್ಟದವರು ನಾವು,
ಅವಕ್ಕೋ ಮುಳುಗಿದ ಮೇಲೇ ಪಂಕ್ತಿ.
ಚಿಪ್ಪಿಲ್ಲದ್ದನ್ನು ಅಜ್ಜಿ ಸಿಂಬಳಹುಳು ಅನ್ನುತ್ತಿದ್ದಳು,
ಚಿಪ್ಪಿದ್ದದ್ದು ಬಸವ.
ಕೊಂಬಿನ ತುದಿಗೆ ಕಣ್ಣಿಟ್ಟುಕೊಂಡು
ಬೆಳಕು ತಾಕಿದರೆ ಒಳಗೆಳೆದುಕೊಳ್ಳುವ
ನಾಚಿಕೆಯ ಬಸವ.
ಒಂದೊಂದಾಗಿ ಆರಿಸಿ ಗೋಡೆಯಾಚೆ ಎಸೆದೆ.
ಕೊಲ್ಲಲಿಲ್ಲ. ಕಳಿಸಿದೆ, ಅಷ್ಟೆ.
ನನ್ನ ಅಹಿಂಸೆಯ ಎತ್ತರ ನಾಲ್ಕೂವರೆ ಅಡಿ.

ಆದರೆ ದಿನಾ ಅಷ್ಟೇ ಜನ. ಮುಖಗಳೂ ಪರಿಚಿತ.
ಅನುಮಾನ ಬಂದು, ಮಗಳ ನೈಲ್ ಪಾಲಿಶ್ ತೆಗೆದು
ಚಿಪ್ಪಿಗೊಂದು ಕೆಂಪು ಬೊಟ್ಟಿಟ್ಟು ಎಸೆದೆ.
ಗುರುವಾರ ಬೊಟ್ಟು ಮರಳಿ ಬಂತು.
ಬೊಟ್ಟಿನ ಪಕ್ಕದಲ್ಲಿ ಬಿಳಿ ಬಣ್ಣದಲ್ಲಿ,
ಗುಮಾಸ್ತನ ಅಂದದ ಅಕ್ಷರದಲ್ಲಿ:
14.

ಪಕ್ಕದ ಮನೆಯ ವಿಲ್ಫ್ರೆಡ್ ಸಟ್‌ಕ್ಲಿಫ್,
ಬಸ್ ಡಿಪೋದಲ್ಲಿ ಟೈಮ್‌ಟೇಬಲ್ ಬರೆದು ನಿವೃತ್ತ.
ಆರು ವರ್ಷದಲ್ಲಿ ನಾವು ಆಡಿದ್ದು ಬರೀ ಮಳೆಯ ಮಾತು.
ಆ ರಾತ್ರಿ ಕುಂಡ ಬೋರಲು ಹಾಕಿ ಹತ್ತಿ ನೋಡಿದರೆ
ಆಚೆಗೂ ಒಂದು ಟಾರ್ಚು, ಒಂದು ಬಕೆಟ್ಟು,
ಎಸೆಯಲು ಎತ್ತಿದ ಕೈ.

‘ಕೆಂಪು ನಿಮ್ಮದೋ?’
‘ನಂಬರು ನಿಮ್ಮದೋ?’

ಜೇಬಿನಿಂದ ಸಣ್ಣ ನೋಟ್‌ಬುಕ್ ತೆಗೆದು ಓದಿದರು:
ಹದಿನಾಲ್ಕು ಒಂಬತ್ತು ಸಲ ದಾಟಿದೆ.
ಹೋಗಲು ಎರಡು ರಾತ್ರಿ, ಬರಲು ಮೂರು.
‘ನಿಮ್ಮಲ್ಲಿಂದ ಹೊರಡುವಾಗ ಹೊಟ್ಟೆ ತುಂಬಿರುತ್ತದಲ್ಲ.’
ಬೀನ್ಸ್ ಹೇಗಿದೆ, ಕೇಳಿದರು.
ಇಲ್ಲ ಅಂದೆ.
ನನ್ನ ಲೆಟ್ಯೂಸೂ ಇಲ್ಲ, ಅಂದರು.

ಹದಿನಾಲ್ಕನ್ನು ಗೋಡೆಯ ಮೇಲಿಟ್ಟು
ಇಬ್ಬರೂ ಟಾರ್ಚು ಆರಿಸಿದೆವು, ಏನೂ ಮಾತಾಡಿಕೊಳ್ಳದೆ.
ಸ್ವಲ್ಪ ಹೊತ್ತಿಗೆ ಕತ್ತಲಲ್ಲಿ ಸಣ್ಣ ಸದ್ದು,
ಎಲೆಯನ್ನು ಅರದಿಂದ ಉಜ್ಜಿದ ಹಾಗೆ.
ಯಾರ ಕಡೆಯದೆಂದು
ಅವರಿಗೂ ತಿಳಿಯಲಿಲ್ಲ, ನನಗೂ.