ಅಚ್ಚುಗಾರ

ನಮ್ಮ ಕಡೆ ಆ ಹುಳಕ್ಕೆ ಅಚ್ಚುಗಾರ ಎಂದೇ ಹೆಸರು.
ಅಕ್ಕಿಕಾಳಿಗಿಂತ ಚಿಕ್ಕದು. ತೊಗಟೆಯಡಿ ನುಸುಳಿ
ನಡುವೆ ಒಂದು ಗೆರೆ, ಗೆರೆಯ ಎರಡೂ ಬದಿಗೆ ಕವಲು ಕವಲು,
ಪುಟ ಜೋಡಿಸುತ್ತ ಹೋಗುತ್ತದೆ.
ತೊಗಟೆ ಕಳಚಿ ನಾವು ಓದುವ ಹೊತ್ತಿಗೆ
ಮರ ಸತ್ತಿರುತ್ತದೆ.

ಮೂರು ಬೇಸಿಗೆ ಮಳೆ ಕೈಕೊಟ್ಟಿತು.
ಹಾರ್ಟ್ಸ್ ಬೆಟ್ಟದ ಸ್ಪ್ರೂಸ್ ಕಾಡು ಮೊದಲು ಕಂದಿತು,
ಆಮೇಲೆ ಬೂದಿಬಣ್ಣದ ಬೋಳು ಕಂಬಗಳು.
ಉಗಿಬಂಡಿಯಲ್ಲಿ ಶಿಖರಕ್ಕೆ ಹೊರಟ ಪ್ರವಾಸಿಗರು
ಕಿಟಕಿಗೆ ಎತ್ತಿದ ಫೋನು ಹಾಗೇ ಇಳಿಸಿದರು.

ನಾನು ಬಡಗಿ. ಶವಪೆಟ್ಟಿಗೆ ನನ್ನ ಕಸುಬು.
ಒಬ್ಬರಿಗೊಂದು, ಒಂದೇ ಸಲ;
ಬಿಗಿಯಾಯಿತೆಂದು ಯಾರೂ ಮರಳಿ ತಂದದ್ದಿಲ್ಲ.
ಅಪ್ಪನ ಕಾಲಕ್ಕೆ ಮಹಾಗನಿ ಹಡಗೇರಿ ಬರುತ್ತಿತ್ತು,
ಹಿತ್ತಾಳೆ ಹಿಡಿ, ಅಳುವವರ ಮುಖ ಕಾಣುವಂಥ ಪಾಲಿಶು,
ಎರಡು ದಿನ ನೋಡಿ ಮಣ್ಣಿಗೆ ಹಾಕಲು.
ಈಗ ಹನ್ನೊಂದು ಕಿಲೋಮೀಟರಿನೊಳಗಿನ ಮರ, ಮರದ್ದೇ ಬೆಣೆ,
ಅಗಸೆ ಎಣ್ಣೆ ಒಂದು ಕೈ.
ಬಾಗಿಲಿಗೆ ಹಸಿರು ಮುದ್ರೆಯ ಪ್ರಮಾಣಪತ್ರ ಅಂಟಿಸಿದ್ದೇನೆ;
ಒಂದು ಮೂಲೆ ಎದ್ದು ಗಾಳಿಗೆ ಪಟಪಟ ಅನ್ನುತ್ತದೆ.

ಅಕ್ಟೋಬರಿನಲ್ಲಿ ಲೀಸೆಲೊಟ್ಟೆ ಬಂದಳು. ತೊಂಬತ್ತೊಂದು ವರ್ಷ, ಎರಡು ಊರುಗೋಲು.
‘ಆ ಕಾಡು ನಾನು ನೆಟ್ಟದ್ದು’ ಅಂದಳು ಕೂರುವ ಮೊದಲೇ.

‘ಯುದ್ಧ ಮುಗಿದ ಮೂರನೆಯ ವಸಂತ. ಗೆದ್ದವರು
ಸಾಲಕ್ಕೆಂದು ಬೆಟ್ಟವನ್ನೇ ಬೋಳಿಸಿ ಒಯ್ದಿದ್ದರು.
ನಾವು ಹೆಂಗಸರು, ಹುಡುಗಿಯರು, ಗುದ್ದಲಿ, ಮಧ್ಯಾಹ್ನ ಒಂದು ಸೌಟು ಸೂಪು.
ಆಮೇಲೆ ನಮ್ಮನ್ನು ಐವತ್ತು ಫೆನಿಗ್ ನಾಣ್ಯದ ಮೇಲೂ ಕೂರಿಸಿದರು,
ಮಂಡಿಯೂರಿ ಸಸಿ ನೆಡುವ ಹೆಂಗಸು.
ನಾಣ್ಯದವಳ ಕೈಯಲ್ಲಿ ಓಕ್.
ನಮ್ಮ ಕೈಗೆ ಕೊಟ್ಟದ್ದು ಸ್ಪ್ರೂಸ್, ಬೇಗ ಬೆಳೆಯುತ್ತದೆಂದು.
ಒಂದೇ ಜಾತಿ, ಒಂದೇ ವಯಸ್ಸು, ಹಗ್ಗ ಹಿಡಿದ ಸಾಲು.
ಹುಳಕ್ಕೆ ಪಂಕ್ತಿ ಹಾಕಿ ಎಲೆ ಬಡಿಸಿದವರು ನಾವೇ.’

ಆ ಮರದಲ್ಲೇ ಬೇಕಂತೆ ಪೆಟ್ಟಿಗೆ.

ಕೆಲಸ ಕಲಿಯುವ ಹುಡುಗ ಹೆನ್ನಿಂಗ್ ಗರಗಸ ಇಳಿಸಿ ಕೇಳಿದ:
ಸತ್ತ ಮರವನ್ನು ನಿಲ್ಲಲು ಬಿಟ್ಟರೆ ಮರಕುಟಿಗಕ್ಕೆ ಮನೆ, ಅಣಬೆಗೆ ಅನ್ನ.
ನಾವು ಎಳೆದು ತಂದರೆ?
ನನ್ನ ಹತ್ತಿರ ಉತ್ತರವಿರಲಿಲ್ಲ. ಕಾಗದದ ಮೇಲೆ ಬರೆದೆ:
ನಲವತ್ತು ಕಿಲೋ ಹಲಗೆ, ಟ್ರ್ಯಾಕ್ಟರಿನ ಡೀಸೆಲು, ಗಿರಣಿಯ ಕರೆಂಟು,
ಇನ್ನೊಂದು ಬದಿಗೆ, ಬಾರದೆ ಉಳಿದ ಒಂದು ಹಡಗು.
ಕೂಡಿದೆ, ಕಳೆದೆ. ಮರಕುಟಿಗವನ್ನು
ಯಾವ ಕಾಲಮ್ಮಿಗೆ ಹಾಕುವುದೋ ತಿಳಿಯಲಿಲ್ಲ.

‘ಸುಡಬೇಡಿ’ ಅಂದಳು. ‘ಎಪ್ಪತ್ತು ವರ್ಷ ಹೀರಿದ ಗಾಳಿ
ಒಂದೂವರೆ ಗಂಟೆಯಲ್ಲಿ ಚಿಮಣಿ ದಾಟಬಾರದು.
ನಾನೂ ಅದೂ ನಿಧಾನ ಬಿಡುತ್ತೇವೆ ಉಸಿರು.’

ಹುಳ ತಂದ ಬೂಷ್ಟಿಗೆ ಹಲಗೆ ನೀಲಿಗಟ್ಟಿತ್ತು.
ದೊಡ್ಡ ಗಿರಣಿಯವರು ಮೂಗು ಮುರಿಯುವ ನೀಲಿ.
ಅವಳು ಅಂಗೈಯಿಂದ ಸವರಿದಳು,
ಕರುವಿನ ಕುತ್ತಿಗೆ ಸವರುವ ಹಾಗೆ.
ಟೇಪು ಹಿಡಿದೆ: ನೂರೈವತ್ತೆಂಟು.
‘ಹುಡುಗಿಯಾಗಿದ್ದಾಗ ಎರಡಂಗುಲ ಹೆಚ್ಚಿದ್ದೆ,
ಆ ಅಳತೆಗೇ ಮಾಡು, ಕಾಲು ಚಾಚಬೇಕು.
ಮುಚ್ಚಳದ ಒಳಮೈ ಹೆರೆಯಬೇಡ.
ಅಚ್ಚುಗಾರ ಬರೆದದ್ದು ನನ್ನ ಹಣೆಗೆ ಎದುರಾಗಿರಲಿ.
ಓದಲು ಬೇಕಾದಷ್ಟು ಹೊತ್ತಿರುತ್ತದೆ.’

ಬೆಟ್ಟದಲ್ಲೀಗ ಯಾರೂ ನೆಡದ ಬರ್ಚ್, ರೋವನ್,
ಹಕ್ಕಿ ಉದುರಿಸಿದಲ್ಲಿ, ಸಾಲು ತಪ್ಪಿ.
ಪೆಟ್ಟಿಗೆ ಅವಳ ನೆಲಮಾಳಿಗೆಯಲ್ಲಿದೆ; ಖಾಲಿ ಯಾಕಿರಬೇಕೆಂದು
ಸೇಬು ತುಂಬಿಟ್ಟಿದ್ದಾಳೆ.
ನಿನ್ನೆ ಒಂದು ಚೀಲ ಕಳಿಸಿದ್ದಳು.
ಹೆನ್ನಿಂಗ್ ಕಚ್ಚಿ, ಮುಖ ಕಿವುಚಿ, ಮತ್ತೆ ಕಚ್ಚಿದ.
ರಾಳದ ರುಚಿ.