ಸಾಬೂನು ಸೋತ ಬಣ್ಣ

ಯಾವ ಬಣ್ಣ ಹಾಕೀರಿ ಅಂತ ಕೇಳಿದ್ಲು
ಪಣಜಿಯ ಝೆಲ್ಮಾಬಾಯಿ, ಕನ್ನಡಕ ಹಣಿಮ್ಯಾಲ ಏರಿಸಿ.
ನಾ ಏನೂ ಹಾಕಿಲ್ರಿ,
ಹನ್ನೊಂದು ವರ್ಷ ತಗ್ಯಾಕ ನೋಡೇನಿ.

ಮುರಗಾಂವ ಬಂದರದಾಗ ಅದಿರು ತುಂಬತಿದ್ದ ಅಂವ.
ಬಿಳಿ ಬನಿಯನ್ನು ಒಂದ ಪಾಳಿಗೆ
ಗೇರುಹಣ್ಣಿನ ಬಣ್ಣಕ್ಕ ತಿರಗತಿತ್ತು,
ಕಾಲರಿನಾಗ ಕಾವಿ, ಬಗಲಾಗ ಕಾವಿ,
ಸನ್ಯಾಸಿ ಏನಲ್ಲ, ಮೂರು ಮಕ್ಕಳ ತಂದಿ.
ಬಾಯ್ನಾದ ನಳದ ಮುಂದ ಸೋಡಾ ಹಾಕಿ ಬಡದು ಬಡದು
ಕಲ್ಲು ಕೆಂಪಾತು, ಗಟಾರ ಕೆಂಪಾತು,
ನನ್ನ ಉಗುರಿನ ಸಂದಿ ಕೆಂಪಾತು,
ಬನಿಯನ್ನು ಮಾತ್ರ ಬಿಟ್ಟುಕೊಡಲಿಲ್ಲ.

ಆಮ್ಯಾಲ ಗಣಿ ನಿಂತ್ವು.
ಈಗ ಅಂವ ಕಲಂಗುಟದ ಹೋಟೆಲ್ಲಿನ ಬಾಗಲಾಗ,
ನೀಲಿ ಅಂಗಿ, ಗಂಜಿ ಹಾಕಿದ್ದು.
ತೊಳದ್ರ ನೀರು ತಿಳಿಯಾಗೇ ಹರೀತದ,
ಕೈಗೆ ಕೆಲಸನ ಇಲ್ಲ ಅನಸ್ತದ.

ಹಳೇವನ್ನ ಹರದು ಕೌದಿ ಹೊಲದೆ.
ಗುಜರಿಯಂವ ಕಿಲೋಕ್ಕ ಎಂಟು ರೂಪಾಯಿ ಅಂದಿದ್ದ.
ಹೆಗಲು ಸವದದ್ದು ನಟ್ಟನಡುವ ಇಟ್ಟೆ,
ಗೇಟ್‌ಪಾಸಿನ ಪಿನ್ನು ಚುಚ್ಚಿದ ತೂತು ಹಂಗ ಬಿಟ್ಟೆ,
ಒಂದು ಕಿಸೆ ಮುಚ್ಚಿ ಹೊಲಿಲಿಲ್ಲ. ಅದರಾಗ ಹಿಡಿ ಜೋಳ.
ಹಸದ ಕೌದಿ ಬೆಚ್ಚಗಿಡೂದಿಲ್ಲ
ಅಂತಿದ್ಲು ಸಿಂದಗಿಯ ನಮ್ಮವ್ವ.

ಈಗ ಗ್ವಾಡಿಗೆ ತೂಗಹಾಕ್ಯಾರ, ಮ್ಯಾಲಿಂದ ದೀಪ ಬಿಟ್ಟಾರ.
ಕೆಳಗ ಚೀಟಿ. ನಿಂಬೆವ್ವ ಅನ್ನೂದು ನಿಂಬಾ ಆಗೇದ, ಇರಲಿ.
ಮಂದಿ ದೂರ ನಿಂತು, ತಲಿ ವಾಲಿಸಿ,
ಸಂಜಿ ಅಂತಾರ, ಸಮುದ್ರ ಅಂತಾರ,
ಗಾಯ ಅಂದ ಒಬ್ಬ, ಗಡ್ಡ ನೀವಿಕೊಂತ.

ಅಂವ ಸೂಟಿ ಹಾಕಿ ಬಂದಿದ್ದ.
ಚಪ್ಪಲಿ ಹೊರಗ ಬಿಟ್ಟು, ಸೀದಾ ಹತ್ತರ ಹೋಗಿ
ಮೂಲಿ ಎತ್ತಿ ಹಿಂಬದಿ ನೋಡಿದ.
ಅಲ್ಲಿ ಹೊಲಿಗಿ ಸೊಟ್ಟಂಪಟ್ಟ.
ಬೊಟ್ಟಿಲೆ ಒಂದು ತುಂಡು ಒರಸಿ, ಮೆಲ್ಲಕ ಅಂದ:
"ಇದು ದುಮಿಂಗನ ಅಂಗಿ.
ಮಳಿಗಾಲದಾಗ ಅದಲುಬದಲಾಗಿತ್ತು,
ತಿರಗಿ ಕೊಡಬೇಕಿತ್ತು."

ಅಷ್ಟು ವರ್ಷ ನಾ ಅವನ ಬೆವರನ್ನೂ ತಿಕ್ಕೇನಿ, ನೋಡ್ರಿ,
ಅವನ ಮಾರಿ ಸೈತ ನೋಡಲಾರದ.

ಕೊಳ್ಳಾಕ ಬಂದಾಕಿ ಕೇಳಿದ್ಲು, ತೊಳೀಬಹುದೇನು?
ತೊಳೀರಿ ಅಂದೆ.
ಬಣ್ಣದ ಚಿಂತಿ ಬ್ಯಾಡ, ಅದು ಹೋಗೂದಿಲ್ಲ.
ಮೊದಲ ಕಿಸೆದಾಗಿನ ಜೋಳ ತಕ್ಕೋರಿ,
ಮೊಳಕಿ ಒಡದೀತು.