ಬಿಡಿಸುವುದು

ಗಂಗಹನುಮಕ್ಕ ಹೇಳಿಕೊಟ್ಟದ್ದು ಇಷ್ಟೇ:
ಬೇವಿನೆಲೆ ನುಣ್ಣಗೆ ಅರೆದು ಹಚ್ಚಿಕೋ,
ಮೂರು ರಾತ್ರಿ ಅಳುತ್ತೆ, ನಾಲ್ಕನೇದಕ್ಕೆ ಮರೆಯುತ್ತೆ.

ಲಗ್ಗೆರೆಯ ನಮ್ಮ ವಠಾರದಲ್ಲಿ ಬೇವಿಲ್ಲ.
ಬಸ್‌ಸ್ಟಾಪಿನ ಹಿಂದೆ ಒಂದಿದೆ, ಟ್ರಾನ್ಸ್‌ಫಾರ್ಮರಿಗೆ ಒರಗಿಕೊಂಡು,
ಎಲೆಯೆಲೆಗೂ ರಿಂಗ್ ರೋಡಿನ ಧೂಳು.
ಮೂರು ಸಲ ತೊಳೆದೆ,
ವಿಷ ಹೋಗಲಿ, ಕಹಿ ಇರಲಿ ಅಂತ.

ನಮ್ಮಲ್ಲಿ ಇದಕ್ಕೆ ಬೇರೆ ಮಾತೇ ಇಲ್ಲ.
ಬಿಡಿಸೋದು ಅಂತೀವಿ. ಮೊಲೆ ಬಿಡಿಸೋದು.
ಅವರೆಕಾಯಿ ಬಿಡಿಸಿದ ಹಾಗೆ,
ಜಡೆಯ ಸಿಕ್ಕು ಬಿಡಿಸಿದ ಹಾಗೆ,
ನಲ್ಲಿ ಹತ್ತಿರ ಜಗಳ ಬಿಡಿಸಿದ ಹಾಗೆ,
ಏಳನೇ ಕ್ಲಾಸಿಗೆ ಅಪ್ಪ ನನ್ನ ಸ್ಕೂಲು ಬಿಡಿಸಿದ ಹಾಗೆ.
ಸೇಟು ಅಂಗಡೀಲಿ ಕೂತಿರುವ ಎರಡು ಬಳೆ,
ಅವನ್ನೂ ಬಿಡಿಸಬೇಕು, ಯುಗಾದಿಯೊಳಗೆ.

ಫ್ಯಾಕ್ಟರಿಯಲ್ಲೂ ನನ್ನದು ಅದೇ ಕೆಲಸ.
ಕಾಲರು ಸೊಟ್ಟಗಾದ ಶರ್ಟು ನನ್ನ ಟೇಬಲ್ಲಿಗೆ ಬರುತ್ತೆ,
ಹೊಲಿಗೆ ಬಿಡಿಸಿ ವಾಪಸ್ ಕೊಡಬೇಕು,
ಗಂಟೆಗೆ ನಲವತ್ತು.
ದಾರ ಹೋದರೂ ಸೂಜಿ ತೂತು ನಿಲ್ಲುತ್ತೆ.
ಅದಕ್ಕೊಂದು ಉಪಾಯ:
ಒಂದು ಹನಿ ನೀರು, ಉಗುರಿನಿಂದ ಮೆಲ್ಲಗೆ ಉಜ್ಜು,
ಬಟ್ಟೆ ತಾನೇ ಮುಚ್ಚಿಕೊಳ್ಳುತ್ತೆ.
ಹನ್ನೊಂದು ಗಂಟೆಗೆ ಯಾರದೋ ಫೋನಿನಲ್ಲಿ ಮಗು ಅತ್ತಿತು.
ನನ್ನ ರವಿಕೆ ಒದ್ದೆ.
ಸೂಪರ್‌ವೈಸರ್ ಭಾರತಿ ಏನೂ ಹೇಳದೆ
ಒಂದು ರಿಜೆಕ್ಟ್ ಶರ್ಟು ಮಡಿಸಿ ಕೊಟ್ಟಳು, ಒಳಗಿಟ್ಟುಕೋ ಅಂತ.

ಮೊದಲ ರಾತ್ರಿ
ಧನ್ವಿ ಬಾಯಿಟ್ಟಳು, ತೆಗೆದಳು,
ನನ್ನ ಮುಖ ನೋಡಿದಳು, ಪೆಟ್ಟಾಗಿದೆಯೇನೋ ಅನ್ನುವಂತೆ.
ಫ್ರಾಕಿನ ಅಂಚು ಎತ್ತಿ
ನಿಧಾನಕ್ಕೆ ಒರೆಸಿದಳು, ಉಫ್ ಅಂತ ಊದಿದಳು,
ಆಮೇಲೆ ಕುಡಿದಳು.
ಗಂಗಹನುಮಕ್ಕನಿಗೆ ಇದನ್ನು ಹೇಳಲು ನಾಚಿಕೆ.

ಎರಡನೇ ರಾತ್ರಿ ಅತ್ತಳು.
ಮೂರನೇ ರಾತ್ರಿ ಗೋಡೆಯಾಚೆಯವರು ಎರಡು ಸಲ ಬಡಿದರು.
ರಾಗಿ ಸರಿ ಲೋಟದಲ್ಲೇ ಕೆನೆಗಟ್ಟಿತು.
ನಾನೂ ಅತ್ತೆ, ಎದೆ ಕಲ್ಲಾಗಿ,
ಎಲೆಕೋಸಿನ ಎಲೆ ಕಟ್ಟಿಕೊಂಡು.

ನಾಲ್ಕನೇ ದಿನ ಸಂಜೆ ಬಂದಾಗ
ನನ್ನ ಟೈಲರ್ ಚಾಕ್ ಹಿಡಿದು ನೆಲದ ತುಂಬ
ಏನೋ ಬಿಡಿಸುತ್ತಿದ್ದಳು.
ಸುತ್ತು, ಸುತ್ತಿನೊಳಗೊಂದು ಚುಕ್ಕಿ, ಇನ್ನೊಂದು ಸುತ್ತು.
ಇದೇನೇ ಅಂದೆ.
ಬಸ್ಸು, ಅಂದಳು.

ರಾತ್ರಿ ಕೇಳಲಿಲ್ಲ.
ನನ್ನ ಕಿವಿಯ ಹಾಲೆ ಎರಡು ಬೆರಳಲ್ಲಿ ಹಿಡಿದು,
ಉಜ್ಜುತ್ತ ಉಜ್ಜುತ್ತ ಮಲಗಿದಳು.
ಓಲೆ ತೆಗೆದಿಟ್ಟೆ, ಚುಚ್ಚದಿರಲಿ ಅಂತ.

ಇದನ್ನು ಬಿಡಿಸೋದು ಹೇಗೆ ಅಂತ
ಗಂಗಹನುಮಕ್ಕನನ್ನ ನಾನಿನ್ನೂ ಕೇಳಿಲ್ಲ.